ಆಪ್ತಸಲಹೆ ಪ್ರಕರಣ: ಆರು ಲಕ್ಷದ ಆಫರ್, ಐನೂರು ರೂಪಾಯಿ ಉಳಿಕೆ

ಗುರುತು ಸಿಗದ ಹಾಗೆ ಊರು, ಕಾಲೇಜು ಮತ್ತು ಕೆಲವು ಅಂಕಿಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗ ಮತ್ತು ಅವನ ಅಮ್ಮ ಇಬ್ಬರೂ ಒಪ್ಪಿದ್ದಾರೆ.

ಉಡುಪಿಯ ನನ್ನ ಕೋಣೆಗೆ ಅವರು ಬಂದದ್ದು ಜೂನ್ ತಿಂಗಳ ಜೋರು ಮಳೆಯ ಒಂದು ಬೆಳಿಗ್ಗೆ. ಹುಡುಗನಿಗೆ 22 ವರ್ಷ, ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಆಗಷ್ಟೇ ಮುಗಿದಿತ್ತು. ಅಪ್ಪ ಇಲ್ಲ. ಅಮ್ಮ ಬೀಡಿ ಕಟ್ಟುತ್ತಾರೆ. ಫೋನಿನಲ್ಲಿ ಮುಂಬೈಯ ಸೋದರಮಾವ. ಮೊದಲು ಮಾತಾಡಿದ್ದು ಅವರೇ. "ನಾನು ಹದಿನೈದು ವರ್ಷಕ್ಕೆ ಬೊಂಬಾಯಿಗೆ ಹೋದವ ಮೇಡಂ. ಹೋಟೆಲಲ್ಲಿ ಲೋಟ ತೊಳೆದವ. ಇವನಿಗೆ ಬೆಂಗಳೂರಲ್ಲಿ ಆರು ಲಕ್ಷ ಕೊಡ್ತಾರೆ. ಇನ್ನು ಆಲೋಚನೆ ಮಾಡ್ಲಿಕ್ಕೆ ಎಂತ ಉಂಟು?"

ಮಾವನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈ ಕರಾವಳಿಯಲ್ಲಿ ಎಷ್ಟೋ ಮನೆಗಳ ಹಂಚು, ಮಕ್ಕಳ ಫೀಸು ಎಲ್ಲ ಮುಂಬೈ ಹೋಟೆಲುಗಳಿಂದಲೇ ಬಂದದ್ದು. ಆದರೆ ಅವರಿಗೆ ಊಟವೂ ಮಲಗುವ ಜಾಗವೂ ಹೋಟೆಲಿನಲ್ಲೇ ಸಿಗುತ್ತಿತ್ತು. ಸಂಬಳ ಚಿಕ್ಕದಾದರೂ ಇಡಿಯಾಗಿ ಊರಿಗೆ ಬರುತ್ತಿತ್ತು. ಈ ಹುಡುಗನ ಸಂಬಳ ಮೊದಲು ಅವನ ಊಟವನ್ನು, ಹಾಸಿಗೆಯನ್ನು ಕೊಳ್ಳಬೇಕು. ಉಳಿದದ್ದು ಮಾತ್ರ ಊರಿಗೆ.

ಅವನ ಕೈಯಲ್ಲಿ ಎರಡು ಆಫರ್ ಇತ್ತು. ಬೆಂಗಳೂರಿನದು ವರ್ಷಕ್ಕೆ 6 ಲಕ್ಷ. ಮಂಗಳೂರಿನದು 3.6 ಲಕ್ಷ, ಸಾಫ್ಟ್‌ವೇರ್ ಸಪೋರ್ಟ್ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ಮನೆಯಲ್ಲಿ ಎಲ್ಲರೂ ಆರು ಲಕ್ಷ ಅಂದರೆ ತಿಂಗಳಿಗೆ ಐವತ್ತು ಸಾವಿರ ಅಂದುಕೊಂಡಿದ್ದರು. ನಾನು ಆಫರ್ ಲೆಟರಿನ ಕೊನೆಯ ಪುಟ ತೆಗೆಯಲು ಹೇಳಿದೆ. ಅದನ್ನು ಅವನು ಅಲ್ಲಿಯ ತನಕ ಸರಿಯಾಗಿ ಓದಿರಲೇ ಇಲ್ಲ.

ಅದರಲ್ಲಿ 60,000 ವೇರಿಯಬಲ್ ಪೇ. ಕೆಲಸ ನೋಡಿ ವರ್ಷದ ಕೊನೆಗೆ ಕೊಡುವುದು, ಪೂರ್ತಿ ಸಿಗುತ್ತದೆ ಅಂತ ಇಲ್ಲ. 50,000 ಜಾಯಿನಿಂಗ್ ಬೋನಸ್. ಒಂದೇ ಸಲ, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು. ಕಂಪನಿ ಹಾಕುವ ಪಿಎಫ್ (ಭವಿಷ್ಯ ನಿಧಿ) 28,800 ಕೂಡ ಆರು ಲಕ್ಷದ ಒಳಗೇ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಸುಮಾರು 11,500. ಕಾಯಂ ನೌಕರನಿಗೆ ಅದು ಸಿಗಬೇಕಾದರೆ ಐದು ವರ್ಷ ಅಲ್ಲೇ ಇರಬೇಕು. ವಿಮೆಗೆ ಒಂಬತ್ತೂವರೆ ಸಾವಿರ. ಇಷ್ಟು ಕಳೆದರೆ ವರ್ಷಕ್ಕೆ 4,40,000. ಅದರಲ್ಲಿ ಅವನ ಪಾಲಿನ ಪಿಎಫ್ ತಿಂಗಳಿಗೆ 2,400, ವೃತ್ತಿ ತೆರಿಗೆ 200 ಹೋಗಿ ಕೈಗೆ ಬರುವುದು ಸುಮಾರು 34,000. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಅಷ್ಟು ಸಮಾಧಾನ.

ಪಿಎಫ್ ಅಂದರೆ ಏನೆಂದು ಮಗನಿಗೆ ಹೇಳಹೊರಟಾಗ ಅಮ್ಮನೇ ಹೇಳಿದರು. "ಬೀಡಿಯಲ್ಲೂ ಹಿಡೀತಾರಲ್ಲ ಮೇಡಂ. ಕೈಗೆ ಬರುವುದಿಲ್ಲ, ಆದ್ರೆ ನಮ್ಮದೇ ದುಡ್ಡು." ಅಷ್ಟು ಹೊತ್ತೂ ಅವರ ಬೆರಳುಗಳು ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದವು, ಬಿಡಿಸುತ್ತಿದ್ದವು. ಎಲೆ ಇಲ್ಲದಿದ್ದರೂ ಕೈ ಬೀಡಿ ಕಟ್ಟುತ್ತಲೇ ಇತ್ತು.

ಖರ್ಚಿನ ಲೆಕ್ಕವನ್ನು ಅವನ ಕೈಯಲ್ಲೇ ಬರೆಸಿದೆ. ಗೆಳೆಯರು ಮಾರತ್ತಹಳ್ಳಿಯಲ್ಲಿ ಪಿಜಿ ನೋಡಿಟ್ಟಿದ್ದರು. ಇಬ್ಬರು ಹಂಚಿಕೊಳ್ಳುವ ಕೋಣೆಗೆ ತಿಂಡಿ, ರಾತ್ರಿ ಊಟ ಸೇರಿ 13,000. ಮಧ್ಯಾಹ್ನದ ಊಟಕ್ಕೆ 2,500, ಓಡಾಟಕ್ಕೆ 3,000, ಫೋನು, ಸೋಪು, ಔಷಧಿ ಅಂತ 1,500, ತಿಂಗಳಿಗೊಮ್ಮೆ ಊರಿಗೆ ಬಂದುಹೋಗಲು 2,500, ಗೆಳೆಯರ ಜೊತೆ 3,000. ಶಿಕ್ಷಣ ಸಾಲ ಬಡ್ಡಿ ಸೇರಿ 4.8 ಲಕ್ಷ ಆಗಿತ್ತು. ಕಂತು ಶುರುವಾಗಲು ಸಮಯವಿತ್ತು, ಆದರೆ ಬಡ್ಡಿ ನಿಂತಿರಲಿಲ್ಲ. ಹಾಗಾಗಿ ಕಂತಿನ 8,000 ಈಗಲೇ ಹಿಡಿದೆವು. ಎಲ್ಲ ಕೂಡಿದರೆ 33,500. ಉಳಿದದ್ದು 500.

ಮಂಗಳೂರಿನ ಲೆಕ್ಕದಲ್ಲಿ ಕೈಗೆ ಬರುವುದು 26,000 ಮಾತ್ರ. ಖರ್ಚು, ಕಂತು ಎರಡೂ ಕಳೆದು 4,500 ಉಳಿಯುತ್ತಿತ್ತು. ಹುಡುಗ ಎರಡು ಸಲ ಕೂಡಿಸಿ ನೋಡಿದ. ಆಮೇಲೆ ಪೆನ್ ಕೆಳಗಿಟ್ಟ.

ಅಮ್ಮನನ್ನು ಹೊರಗೆ ಕೂರಿಸಿ ಅವನನ್ನು ಕೇಳಿದೆ, "ಮನೆಗೆ ಎಷ್ಟು ಕಳಿಸ್ತೇನೆ ಅಂತ ಹೇಳಿದ್ದೀಯ?"

"ಹದಿನೈದು ಸಾವಿರ."

"ಕೇಳಿದ್ದು ಯಾರು?"

"ಯಾರೂ ಕೇಳ್ಲಿಲ್ಲ ಮೇಡಂ. ಆಗಸ್ಟಿನಿಂದ ಬೀಡಿ ನಿಲ್ಲಿಸು ಅಂತ ಅಮ್ಮನಿಗೆ ನಾನೇ ಹೇಳಿದ್ದು."

ಅವನಿಗೆ ನಿದ್ದೆ ಬಾರದೆ ಹದಿನೈದು ದಿನ ಆಗಿತ್ತು. ಎಲ್ಲರೂ ಅದನ್ನು ಹೊಸ ಊರಿನ ಹೆದರಿಕೆ ಅಂದುಕೊಂಡಿದ್ದರು. ನಿಜವಾಗಿ ಅವನನ್ನು ಹಿಂಡುತ್ತಿದ್ದದ್ದು ಈ ಮಾತು. ಇಂಥ ಮಾತು ಕೊಟ್ಟು ಹೋದ ಮಕ್ಕಳು ಬೆಂಗಳೂರಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ಮನೆಗೆ ದುಡ್ಡು ಕಳಿಸಿದ್ದನ್ನು ನಾನು ನೋಡಿದ್ದೇನೆ. ಮನೆಯವರಿಗೆ ಅದು ಗೊತ್ತಾಗುವುದು ವಸೂಲಿಯವರ ಫೋನ್ ಬಂದಾಗ.

ಅಮ್ಮನನ್ನು ಒಳಗೆ ಕರೆದು, ಈ ಲೆಕ್ಕವನ್ನು ನೀನೇ ಓದಿ ಹೇಳು ಅಂದೆ. ಓದಿದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ, "ನಾನು ಬೀಡಿ ಬಿಡ್ತೇನೆ ಅಂತ ಯಾವಾಗ ಹೇಳಿದೆ?" ಅಂದರು. ಅವರ ಚಿಂತೆ ಬೇರೆಯೇ ಇತ್ತು. "ಬಾಂಡ್ ಅಂದ್ರೆ ಮನೆಯ ಪತ್ರ ಕೇಳ್ತಾರಾ?"

ಇಲ್ಲ. ಲೆಟರಿನಲ್ಲಿದ್ದದ್ದು ಎರಡು ವರ್ಷದ ಬಾಂಡ್, ಮೊದಲೇ ಕೆಲಸ ಬಿಟ್ಟರೆ 1.5 ಲಕ್ಷ ಕಟ್ಟಬೇಕು. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಒಂದು ಮಿತಿ, ಅದರೊಳಗೆ ನ್ಯಾಯವಾದಷ್ಟು ಪರಿಹಾರವನ್ನಷ್ಟೇ ಕೇಳಬಹುದು. ಹಾಗಂತ ಬಾಂಡ್ ಬರೀ ಕಾಗದ ಅಂತ ಸಹಿ ಹಾಕಬೇಡ ಅಂದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಮೂಲ ಅಂಕಪಟ್ಟಿಯನ್ನು ತೋರಿಸಿ ವಾಪಸ್ ತಾ, ಅಲ್ಲಿ ಬಿಟ್ಟು ಬರಬೇಡ ಅಂತಲೂ ಹೇಳಿದೆ.

ನನ್ನ ಸಲಹೆ ಬೆಂಗಳೂರೇ ಆಗಿತ್ತು, ಆದರೆ ಸಂಬಳ ನೋಡಿ ಅಲ್ಲ. ಕಾಲೇಜಿನ ಪ್ರಾಜೆಕ್ಟಿನಲ್ಲಿ ಮೋಟಾರ್ ಕಂಟ್ರೋಲರ್ ಮಾಡಿದ ಹುಡುಗ ಅವನು. ಅದರ ಬಗ್ಗೆ ಕೇಳಿದಾಗ ಮಾತ್ರ ಮುಖ ಎತ್ತಿ ಮಾತಾಡಿದ. ಬೆಂಗಳೂರಿನದು ಎಂಬೆಡೆಡ್ ಕೆಲಸ, ಅಂದರೆ ಯಂತ್ರಗಳ ಒಳಗಿನ ಚಿಪ್‌ಗೆ ಪ್ರೋಗ್ರಾಂ ಬರೆಯುವುದು ಅಂತ ಇಂಟರ್‌ವ್ಯೂನಲ್ಲಿ ಹೇಳಿದ್ದರು, ಆದರೆ ಲೆಟರಿನಲ್ಲಿ ಬರೀ ಟ್ರೇನಿ ಅಂತಿತ್ತು. ಅದೊಂದು ಖಚಿತವಾದರೆ ಹೋಗು, ಆಗದಿದ್ದರೆ ಮಂಗಳೂರು ಒಪ್ಪಿಕೊಂಡು ಹುಡುಕುತ್ತಿರು ಅಂದೆ. ಅಲ್ಲೇ ಕೂತು ಎಚ್‌ಆರ್‌ಗೆ ಮೇಲ್ ಬರೆದ. ಯಾವ ತಂಡ, ಯಾವ ಆಫೀಸು, ಮೊದಲ ಸಂಬಳ ಯಾವ ತಾರೀಕಿಗೆ. ಕೇಳಿದರೆ ಆಫರ್ ವಾಪಸ್ ತೆಗೆದರೆ ಅಂತ ಕೈ ನಡುಗುತ್ತಿತ್ತು.

ಮೂರು ದಿನಕ್ಕೆ ಉತ್ತರ ಬಂತು. ಎಂಬೆಡೆಡ್ ತಂಡವೇ. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ! ಮಾರತ್ತಹಳ್ಳಿಯಿಂದ ದಿನಾ ಎಷ್ಟು ಹೊತ್ತು ಬಸ್ಸಿನಲ್ಲೇ ಹೋಗುತ್ತಿತ್ತೋ. ಆಫೀಸಿಗೆ ನಡೆದು ಹೋಗುವಷ್ಟು ದೂರದಲ್ಲಿ 9,500ಕ್ಕೆ ಪಿಜಿ ಸಿಕ್ಕಿತು, ಓಡಾಟ 500ಕ್ಕೆ ಇಳಿಯಿತು. ಐನೂರು ಇದ್ದ ಉಳಿಕೆ 6,500 ಆಯಿತು. 20ನೇ ತಾರೀಕಿನ ನಂತರ ಸೇರಿದವರಿಗೆ ಆ ತಿಂಗಳ ಸಂಬಳ ಮುಂದಿನ ತಿಂಗಳು ಅಂತಲೂ ಬರೆದಿದ್ದರು. ಹಾಗಾಗಿ ತಿಂಗಳ ಮೊದಲಿಗೇ ಸೇರು ಅಂದೆ.

ಸೇರುವಾಗಿನ ಖರ್ಚಿಗೆ ಲೋನ್ ಆ್ಯಪ್ ಮುಟ್ಟಬಾರದು ಅಂತ ಕಟ್ಟುನಿಟ್ಟಾಗಿ ಹೇಳಿದೆ. ಮಾವನಿಗೆ ಫೋನ್ ಮಾಡಿ, ಅಡ್ವಾನ್ಸ್ ಮತ್ತು ಮೊದಲ ತಿಂಗಳಿಗೆ ಮೂವತ್ತು ಸಾವಿರ ಕೈಸಾಲ ಕೊಡ್ತೀರಾ ಅಂತ ಕೇಳಿದೆ. ಜಾಯಿನಿಂಗ್ ಬೋನಸ್ ಬಂದಾಗ ವಾಪಸ್. ಅವರು ಆ ಸಂಜೆಯೇ ಹಾಕಿದರು. ಮೊದಲ ಮೂರು ತಿಂಗಳು ಮನೆಗೆ ಒಂದು ರೂಪಾಯಿಯೂ ಕಳಿಸುವುದಿಲ್ಲ, ಉಳಿದದ್ದು ಬ್ಯಾಂಕಿನಲ್ಲಿರಬೇಕು ಅಂತ ಮೂವರೂ ಒಪ್ಪಿದರು. ಒಪ್ಪಲು ಹೆಚ್ಚು ಕಷ್ಟವಾದದ್ದು ಹುಡುಗನಿಗೇ.

ನವೆಂಬರಿನಲ್ಲಿ ಫೋನ್ ಮಾಡಿದ್ದ. ಅಕ್ಟೋಬರಿನಿಂದ ತಿಂಗಳಿಗೆ 3,000 ಕಳಿಸುತ್ತಿದ್ದಾನೆ. ಮಾವನ ಸಾಲ ತೀರಿದೆ. ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದ ಅಮ್ಮ ಈಗ ಏಳುನೂರಕ್ಕೆ ನಿಲ್ಲಿಸಿ, ದೀಪ ಹಚ್ಚುವ ಹೊತ್ತಿಗೆ ಎಲೆಯ ತಡ್ಪೆ (ಮೊರ) ಬದಿಗಿಡುತ್ತಾರಂತೆ.