ಸೊಸೈಟಿ ಫ್ಲ್ಯಾಟು ಸರಿ, ನೆಲ ಯಾರ ಹೆಸರಿನಲ್ಲಿದೆ?

ಮುಂಬಯಿಯಲ್ಲಿ ಹಳೆಯ ಸೊಸೈಟಿ ಫ್ಲ್ಯಾಟು ಕೊಳ್ಳುವವರ ಪತ್ರಗಳು ಈ ಸಲವೂ ಬಂದಿವೆ, ಪ್ರಶ್ನೆಗಳೂ ಹಳೆಯವೇ. ಮುದ್ರಾಂಕ ಶುಲ್ಕ, ನೋಂದಣಿ, ಸಾಲದ ಕಂತು ಇವುಗಳ ಪಾಠವನ್ನು ನಾನು ಮತ್ತೆ ಒಪ್ಪಿಸುವುದಿಲ್ಲ. ಒಂದು ಪ್ರಶ್ನೆಗೆ ಮಾತ್ರ ವಿಸ್ತಾರವಾಗಿ ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಏಜೆಂಟರು ಕೊಡುವ ಉತ್ತರವನ್ನು ನಂಬಿದವರು ಕೆಲವು ವರ್ಷಗಳ ನಂತರ ಕಕ್ಷಿದಾರರಾಗಿ ನನ್ನ ಕಚೇರಿಯ ಮೆಟ್ಟಿಲು ಹತ್ತುತ್ತಾರೆ.

ಪ್ರಶ್ನೆ: ನಾನು ಉಡುಪಿಯವನು. ಮಗನ ಕೆಲಸ ಮುಂಬಯಿಯಲ್ಲಿರುವುದರಿಂದ ಮಾಟುಂಗಾದ ಮಾರುಕಟ್ಟೆಯ ಹತ್ತಿರ, ಸುಮಾರು ಐವತ್ತು ವರ್ಷ ಹಳೆಯದಾದ ಕೋ-ಆಪರೇಟಿವ್ ಸೊಸೈಟಿಯೊಂದರಲ್ಲಿ ಫ್ಲ್ಯಾಟು ನೋಡಿದ್ದೇವೆ. ಮಾರುವವರ ಬಳಿ ಶೇರ್ ಸರ್ಟಿಫಿಕೇಟ್ ಇದೆ, ಬ್ಯಾಂಕು ಸಾಲವನ್ನೂ ಮಂಜೂರು ಮಾಡಿದೆ. ಸೊಸೈಟಿಗೆ ಕನ್ವೇಯನ್ಸ್ ಆಗಿಲ್ಲವಂತೆ, ಅಂದರೆ ನೆಲವನ್ನು ಅದರ ಹೆಸರಿಗೆ ಬರೆದುಕೊಟ್ಟಿಲ್ಲವಂತೆ. ಆದರೆ ‘ಇಲ್ಲಿ ಯಾರಿಗೂ ಆಗಿರುವುದಿಲ್ಲ, ಇನ್ನೆರಡು ವರ್ಷದಲ್ಲಿ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಆಗಿ ದೊಡ್ಡ ಮನೆಯೇ ಸಿಗುತ್ತದೆ’ ಎಂದು ಏಜೆಂಟರು ಹೇಳುತ್ತಾರೆ. ಮುಂದುವರಿಯಬಹುದೇ?

ಉತ್ತರ: ಟೋಕನ್ ಹಣ ಕೊಟ್ಟಿಲ್ಲವಾದರೆ ಕೊಡಬೇಡಿ. ಕಾರಣವನ್ನು ಹೇಳುತ್ತೇನೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಲ್ಪನೆಯನ್ನು ಮೊದಲು ಬದಿಗಿಡಿ. ಅಲ್ಲಿ ನಿವೇಶನದ ಅವಿಭಜಿತ ಪಾಲು ಸಾಮಾನ್ಯವಾಗಿ ಕ್ರಯಪತ್ರದಲ್ಲಿಯೇ ಕೊಂಡವರ ಹೆಸರಿಗೆ ಬರುತ್ತದೆ. ಮುಂಬಯಿಯ ಸೊಸೈಟಿಯಲ್ಲಿ ನೆಲವೂ ಕಟ್ಟಡವೂ ಸೊಸೈಟಿಯ ಹೆಸರಿಗೆ ಬರಬೇಕು, ನೀವು ಆ ಸಂಘದ ಸದಸ್ಯರಾಗಿ ಫ್ಲ್ಯಾಟಿನ ಹಕ್ಕನ್ನು ಅನುಭವಿಸಬೇಕು. ಕೋಟಿಗಟ್ಟಲೆ ಕೊಟ್ಟವರ ಶೇರ್ ಸರ್ಟಿಫಿಕೇಟಿನಲ್ಲಿ ಐವತ್ತು ರೂಪಾಯಿ ಮುಖಬೆಲೆಯ ಐದೋ ಹತ್ತೋ ಶೇರುಗಳಿರುತ್ತವೆ. ಸೊಸೈಟಿಯ ಸದಸ್ಯನಿಗೆ ತನ್ನ ಫ್ಲ್ಯಾಟಿನ ಮೇಲಿರುವ ಹಕ್ಕು ಮಾರಬಹುದಾದ, ಜಪ್ತಿಗೂ ಒಳಪಡುವ ಆಸ್ತಿಯೆಂದು ಸುಪ್ರೀಂ ಕೋರ್ಟು 1975ರಲ್ಲಿಯೇ ಹೇಳಿದೆ, ಆದ್ದರಿಂದ ಆ ಕಾಗದವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಸೊಸೈಟಿಗೇ ಇಲ್ಲದ ನೆಲದ ಹಕ್ಕನ್ನು ಅದು ನಿಮಗೆ ಕೊಡಲಾರದು.

ಈ ನಗರದಲ್ಲಿ ಸಹಕಾರಿ ವಸತಿಯ ಆರಂಭ ಹೀಗಿರಲಿಲ್ಲ. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘ ಹುಟ್ಟಿದಾಗ, ನಮ್ಮ ಕರಾವಳಿಯ ಮೂಲದ ಚಿತ್ರಾಪುರ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಾಲ್ಮಕಿಯವರ ಮುಂದಾಳತ್ವದಲ್ಲಿ ಮೊದಲು ಸಂಘ ಕಟ್ಟಿದರು, ಮನೆಗಳು ಆಮೇಲೆ ಎದ್ದವು. ಬಿಲ್ಡರುಗಳ ಕಾಲ ಬಂದಾಗ ಈ ಕ್ರಮ ತಲೆಕೆಳಗಾಯಿತು. ಬಿಲ್ಡರ್ ಕಟ್ಟಿ ಮಾರುತ್ತಾನೆ, ಕೊಂಡವರೆಲ್ಲ ಸೇರಿ ಆಮೇಲೆ ಸೊಸೈಟಿ ನೋಂದಾಯಿಸುತ್ತಾರೆ, ನೆಲ ಮಾತ್ರ ಬಿಲ್ಡರನ ಅಥವಾ ಮೂಲ ಜಮೀನುದಾರನ ಹೆಸರಿನಲ್ಲಿಯೇ ಉಳಿಯುತ್ತದೆ. 1963ರ ಮಹಾರಾಷ್ಟ್ರದ ಫ್ಲ್ಯಾಟುಗಳ ಕಾಯ್ದೆ, ಅಂದರೆ ಎಲ್ಲರೂ ಮೋಫಾ ಎನ್ನುವ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ಬೇರೆ ಅವಧಿ ಗೊತ್ತುಮಾಡಿಕೊಂಡಿರದಿದ್ದರೆ, ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ನೆಲವನ್ನು ಅದಕ್ಕೆ ಬರೆದುಕೊಡಬೇಕು. ಬರೆದುಕೊಡದವರು ಅಸಂಖ್ಯರಾದುದರಿಂದಲೇ 2008ರಲ್ಲಿ ತಿದ್ದುಪಡಿ ಬಂದು, ಬಿಲ್ಡರ್ ಸಹಿ ಹಾಕದಿದ್ದರೂ ಸಕ್ಷಮ ಅಧಿಕಾರಿಯ ಮುಂದೆ ಅರ್ಜಿ ಹಾಕಿ ‘ಡೀಮ್ಡ್ ಕನ್ವೇಯನ್ಸ್’ ಪಡೆಯುವ ದಾರಿ ತೆರೆಯಿತು. ಹೀಗಿರುವಾಗ ‘ಯಾರಿಗೂ ಆಗಿರುವುದಿಲ್ಲ’ ಎಂಬುದು ಸೋಮಾರಿ ಕಮಿಟಿಯ ಸಮರ್ಥನೆಯೇ ಹೊರತು ಕಾನೂನಿನ ಸ್ಥಿತಿಯಲ್ಲ.

ಆದ್ದರಿಂದ ಸೆಕ್ರೆಟರಿಯ ಮಾತಿಗೆ ನಿಲ್ಲದೆ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡನ್ನು ತರಿಸಿ ಯಾರ ಹೆಸರಿದೆ ನೋಡಿ. ಮಾಟುಂಗಾದಲ್ಲಿ ಇನ್ನೊಂದು ತೊಡಕಿದೆ. 1896ರ ಪ್ಲೇಗಿನ ನಂತರ, 1898ರಲ್ಲಿ ಸ್ಥಾಪನೆಯಾದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್-ಮಾಟುಂಗಾ ಬಡಾವಣೆಯನ್ನು ರೂಪಿಸಿತು. ಟ್ರಸ್ಟು 1933ರಲ್ಲಿ ನಗರಪಾಲಿಕೆಯೊಂದಿಗೆ ವಿಲೀನವಾಯಿತು. ಹಾಗಾಗಿ ಅಲ್ಲಿಯ ಹಲವು ನಿವೇಶನಗಳು ಪಾಲಿಕೆಯ ದೀರ್ಘಾವಧಿ ಗುತ್ತಿಗೆಯವು. ಅಂಥ ಕಡೆ ಗುತ್ತಿಗೆ ಯಾರ ಹೆಸರಿನಲ್ಲಿದೆ, ಎಷ್ಟು ವರ್ಷ ಉಳಿದಿದೆ, ವರ್ಗಾವಣೆಗೆ ಪಾಲಿಕೆಯ ಒಪ್ಪಿಗೆ ಬೇಕೇ ಎಂಬುದು ಲಿಖಿತವಾಗಿ ಗೊತ್ತಾಗಬೇಕು. ಮೊದಲ ಖರೀದಿಯಿಂದ ಇಂದಿನವರೆಗಿನ ಎಲ್ಲ ಕರಾರುಪತ್ರಗಳ ಸರಪಳಿಯನ್ನೂ ಕೇಳಿ. 1985ರ ಡಿಸೆಂಬರಿಗೆ ಮುಂಚಿನವುಗಳಲ್ಲಿ ಮುದ್ರಾಂಕ ನೆಪಮಾತ್ರದ್ದಾಗಿರುತ್ತದೆ, ಅದರ ನಂತರದವುಗಳಲ್ಲಿ ಪೂರ್ಣ ಶುಲ್ಕ ಕಟ್ಟಿದೆಯೇ ಎಂದು ವಕೀಲರು ನೋಡಬೇಕು. ಬ್ಯಾಂಕಿನ ಮಂಜೂರಾತಿಯನ್ನು ದಯವಿಟ್ಟು ಇಲ್ಲಿ ಸಾಕ್ಷಿಗೆ ಕರೆಯಬೇಡಿ. ಬ್ಯಾಂಕು ಮುಖ್ಯವಾಗಿ ನೋಡುವುದು ತನ್ನ ಹಣ ಮರಳಿ ಬರುವುದೇ ಎಂಬುದನ್ನು, ಮತ್ತು ಅದಕ್ಕೆ ನಿಮ್ಮ ಮಗನ ಸಂಬಳವಿದೆ.

ಇನ್ನು ಏಜೆಂಟರ ದೊಡ್ಡ ಮನೆ. ಕನ್ವೇಯನ್ಸ್ ಇಲ್ಲದ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೊರಟರೆ, ಉಳಿದಿರುವ ಎಫ್‌ಎಸ್‌ಐ (ನಿವೇಶನದಲ್ಲಿ ಇನ್ನೂ ಕಟ್ಟಬಹುದಾದ ವಿಸ್ತೀರ್ಣದ ಹಕ್ಕು) ನಮ್ಮದೆಂದು ಹಳೆಯ ಜಮೀನುದಾರನ ಮೊಮ್ಮಕ್ಕಳು ಬರುತ್ತಾರೆ. ಕನ್ವೇಯನ್ಸ್ ಇದ್ದರೂ, ಸರ್ಕಾರದ 2019ರ ಮಾರ್ಗಸೂಚಿಯಂತೆ ಒಟ್ಟು ಸದಸ್ಯರಲ್ಲಿ ಕನಿಷ್ಠ ಶೇ. 51 ಮಂದಿ ಒಪ್ಪಬೇಕು, ಬಿಲ್ಡರನನ್ನು ಸಾಮಾನ್ಯ ಸಭೆಯಲ್ಲಿ ಆರಿಸಬೇಕು, ಕರಾರು ನೋಂದಣಿಯಾಗಬೇಕು, ಆಮೇಲೆ ಆತ ಸದಸ್ಯರು ಹೊರಗಿರುವ ಮನೆಗಳ ಬಾಡಿಗೆಯನ್ನು ಕೊನೆಯವರೆಗೆ ಕೊಡುತ್ತಾ ಕಟ್ಟಡ ಮುಗಿಸಬೇಕು. ಇಂಥದೇ ಭರವಸೆಯ ಮೇಲೆ ಫ್ಲ್ಯಾಟು ಕೊಂಡ ನನ್ನ ಕಕ್ಷಿದಾರರೊಬ್ಬರ ಕಟ್ಟಡವನ್ನು ಒಂದೂವರೆ ವರ್ಷದಲ್ಲಿ ಸಿ-1, ಅಂದರೆ ಕೂಡಲೇ ತೆರವುಗೊಳಿಸಿ ಕೆಡವಬೇಕಾದ ವರ್ಗಕ್ಕೆ ಸೇರಿಸಲಾಯಿತು. ಆಗ ಬಿಲ್ಡರನೂ ಗೊತ್ತಾಗಿರಲಿಲ್ಲ. ಸಾಲದ ಕಂತನ್ನೂ ಬೇರೊಂದು ಮನೆಯ ಬಾಡಿಗೆಯನ್ನೂ ಅವರು ಒಟ್ಟಿಗೆ ಕಟ್ಟುತ್ತಿದ್ದಾರೆ. ಮೂವತ್ತು ವರ್ಷ ಮೀರಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆ ವರದಿಯನ್ನು, ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನೆಯನ್ನು, ಸಾಮಾನ್ಯ ಸಭೆಯ ನಡಾವಳಿಗಳನ್ನು ಮಾರುವವರ ಮೂಲಕ ಕೇಳಿ ಓದಿ. ಸೊಸೈಟಿಯಲ್ಲಿ ಯಾರು ಯಾರ ಮೇಲೆ ದಾವೆ ಹೂಡಿದ್ದಾರೆಂಬುದು, ರಿಪೇರಿ ನಿಧಿಯಲ್ಲಿ ಎಷ್ಟು ಉಳಿದಿದೆಯೆಂಬುದು ಅಲ್ಲಿ ತಿಳಿಯುತ್ತದೆ. ನಡಾವಳಿ ತೋರಿಸಲು ಹಿಂಜರಿಯುವ ಸೊಸೈಟಿಯಲ್ಲಿ ನಾನಂತೂ ಬಾಡಿಗೆಗೂ ಇರಲಾರೆ.

ಡೀಮ್ಡ್ ಕನ್ವೇಯನ್ಸಿಗೆ ಅರ್ಜಿ ಹೋಗಿ ವಿಚಾರಣೆಯಲ್ಲಿದ್ದರೆ, ಅದರ ಪ್ರತಿಯನ್ನು ನೋಡಿ, ಆ ಕೊರತೆಗೆ ತಕ್ಕಂತೆ ಬೆಲೆ ಇಳಿಸಿ ಕೊಳ್ಳಬಹುದು. ಹೊಸ ಮನೆಯ ಕನಸನ್ನೂ ಸೇರಿಸಿ ಹಳೆಯ ಮನೆಗೆ ಬೆಲೆ ಹೇಳುತ್ತಿದ್ದರೆ ಎದ್ದು ಬನ್ನಿ. ಕೆಳಗಿಳಿದರೆ ಹೂವಿನ ಮಾರುಕಟ್ಟೆ, ಎರಡು ಹೆಜ್ಜೆಗೆ ಫಿಲ್ಟರ್ ಕಾಫಿ, ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡ ನಾಟಕ ಎಂದು ಮನಸ್ಸು ಕರಗುವುದು ನನಗೂ ಅರ್ಥವಾಗುತ್ತದೆ. ಆದರೆ ಬೆಳಗಿನ ಹತ್ತು ಗಂಟೆಗೆ ಏಜೆಂಟರೊಂದಿಗೆ ನೋಡಿದ ಆ ರಸ್ತೆಯನ್ನು ಶನಿವಾರ ಸಂಜೆ ಒಬ್ಬರೇ ಹೋಗಿ ನೋಡಿ, ಗಣೇಶೋತ್ಸವದ ದಿನಗಳಲ್ಲಿ ಕಿಂಗ್ಸ್ ಸರ್ಕಲ್ ಸುತ್ತ ವಾಹನಗಳು ಹೇಗೆ ನಿಲ್ಲುತ್ತವೆಂದು ಅಲ್ಲಿರುವವರನ್ನು ಕೇಳಿ.

ಪ್ರಶ್ನೆ: ಸೊಸೈಟಿಯವರು ವರ್ಗಾವಣೆಗೆ ಐದು ಲಕ್ಷ ‘ಡೊನೇಷನ್’ ಕೇಳುತ್ತಿದ್ದಾರೆ. ಕೊಡದಿದ್ದರೆ ಎನ್‌ಒಸಿ ಇಲ್ಲವಂತೆ.

ಉತ್ತರ: ವರ್ಗಾವಣೆಗೆ ಸೊಸೈಟಿ ಪಡೆಯಬಹುದಾದ ಪ್ರೀಮಿಯಮ್ಮಿನ ಮಿತಿ 25,000 ರೂಪಾಯಿ, ಸೊಸೈಟಿಗಳಿಗಾಗಿ ಸರ್ಕಾರ ರೂಪಿಸಿದ ಮಾದರಿ ಉಪವಿಧಿಗಳ ಪ್ರಕಾರ ವರ್ಗಾವಣೆಗೆ ಸೊಸೈಟಿಯ ಎನ್‌ಒಸಿ ಬೇಕಾಗಿಯೇ ಇಲ್ಲ, ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ: ನಾವು ಮೀನು ತಿನ್ನುವವರು. ಸಸ್ಯಾಹಾರಿಗಳಿಗೆ ಮಾತ್ರ ಸದಸ್ಯತ್ವವೆಂದು ಚೇರ್ಮನ್ನರು ಹೇಳಿದರು. ಇದು ಕಾನೂನೇ?

ಉತ್ತರ: ಮಾದರಿ ಉಪವಿಧಿಗಳಲ್ಲಿ ಅಂಥ ಷರತ್ತಿಲ್ಲ. ನೀವು ಹೋರಾಡಬಹುದು. ಆದರೆ ಬಂಗುಡೆ ಹುರಿದ ಪ್ರತಿ ಭಾನುವಾರವೂ ಜಗಳಕ್ಕೆ ಸಿದ್ಧವಾಗಿರಬೇಕಾದ ಮನೆಗೆ ಜೀವಮಾನದ ಉಳಿತಾಯವನ್ನು ಹಾಕಬೇಡಿರೆಂದು ನಾನು ಹೇಳುತ್ತೇನೆ.

ಪ್ರಶ್ನೆ: ಪಗಡಿ ಮನೆಯೂ ಸೊಸೈಟಿಯಂತೆಯೇ, ಅರ್ಧ ಬೆಲೆಗೆ ಸಿಗುತ್ತದೆ ಎನ್ನುತ್ತಾರೆ.

ಉತ್ತರ: ಅಲ್ಲ. ಪಗಡಿ ಎಂದರೆ ಮುಂಗಡವಾಗಿ ದೊಡ್ಡ ಮೊತ್ತ ಕೊಟ್ಟು ಹಿಡಿಯುವ ಹಳೆಯ ಬಾಡಿಗೆ ಪದ್ಧತಿ, ಅದರಲ್ಲಿ ನೀವು ಬಾಡಿಗೆದಾರರು.

ಪ್ರಶ್ನೆ: ಫ್ಲ್ಯಾಟಿನ ಬಾಗಿಲು ದಕ್ಷಿಣಕ್ಕಿದೆ, ಕೊಳ್ಳಬಹುದೇ?

ಉತ್ತರ: ನಾನು ವಕೀಲ.

ಪ್ರಶ್ನೆ: ಮಾಲೀಕರು ತೀರಿಕೊಂಡಿದ್ದಾರೆ, ಮಗಳು ನಾಮಿನಿ. ಅವರೊಬ್ಬರ ಸಹಿ ಸಾಕೆಂದು ಏಜೆಂಟರು ಹೇಳುತ್ತಾರೆ.

ಉತ್ತರ: ಸಾಲದು. ಮಹಾರಾಷ್ಟ್ರದಲ್ಲಿ 2019ರ ತಿದ್ದುಪಡಿಯ ನಂತರ ನಾಮಿನಿ ತಾತ್ಕಾಲಿಕ ಸದಸ್ಯೆ ಮಾತ್ರ. ಉಳಿದ ವಾರಸುದಾರರೆಲ್ಲರ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಮೆರಿಕದಲ್ಲಿರುವ ತಮ್ಮ ‘ಏನೂ ಹೇಳುವುದಿಲ್ಲ’ ಎಂದು ಅವರು ಹೇಳಿದರೆ, ಆ ತಮ್ಮನ ಸಹಿಯನ್ನೇ ಮೊದಲು ಕೇಳಿ.