ಕಾಲು ಮುರಿದ ಬೆಳೆಗಾರ ಮತ್ತು ಕಟ್ಟಿಹಾಕಿದ ಎರಡು ನಾಯಿಗಳು: ಒಂದು ಆಪ್ತಸಲಹೆ ಪ್ರಕರಣ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆದಿದ್ದೇನೆ.

ಸೋಮವಾರಪೇಟೆ ತಾಲೂಕಿನ ಈ ಕಾಫಿ ಬೆಳೆಗಾರರಿಗೆ ಅರವತ್ತರ ಆಸುಪಾಸಿನ ವಯಸ್ಸು. ಜುಲೈ ತಿಂಗಳ ಮಳೆಯಲ್ಲಿ ಪಾಚಿಗಟ್ಟಿದ ಕಾಫಿ ಕಣದ ಮೇಲೆ ಜಾರಿಬಿದ್ದು ಮೊಣಕಾಲಿನ ಕೆಳಗಿನ ಮೂಳೆಗಳು ಮುರಿದಿದ್ದವು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಆರು ವಾರ ಆ ಕಾಲಿನ ಮೇಲೆ ಭಾರ ಹಾಕಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಆದರೆ ಮೂರನೆಯ ವಾರದಲ್ಲಿಯೇ ಅವರು ಬೆಳಗಿನ ಜಾವ ಯಾರಿಗೂ ಹೇಳದೆ ಎದ್ದು, ಊರುಗೋಲು ಹಿಡಿದು, ನಾಯಿಗಳನ್ನು ಬಿಚ್ಚಿಕೊಂಡು ತೋಟದ ಗೇಟಿನವರೆಗೆ ಹೋಗಿ ಬಂದಿದ್ದರು. ಈ ಸಂಗತಿ ತಿಳಿದ ವೈದ್ಯರೇ ದಂಪತಿಯನ್ನು ನನ್ನ ಬಳಿ ಕಳುಹಿಸಿದರು.

ನಾಯಿಗಳು ಎರಡು: ಮುಧೋಳ ತಳಿಯ ಗಂಡು, ಜರ್ಮನ್ ಶೆಫರ್ಡ್ ಹೆಣ್ಣು. ಯಜಮಾನರು ದಿನವೂ ಬೆಳಗ್ಗೆ ತೋಟ ಸುತ್ತುವಾಗ ಎರಡೂ ಜೊತೆಗಿರುತ್ತಿದ್ದವು. ಅವರು ಮಂಚ ಹಿಡಿದ ಮೇಲೆ ಅವುಗಳನ್ನು ಹಗಲೂ ರಾತ್ರಿ ಸರಪಳಿಯಲ್ಲಿ ಕಟ್ಟಲಾಗಿತ್ತು. ಶೆಫರ್ಡ್ ತನ್ನ ಮುಂಗಾಲನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತ್ತು. ಮುಧೋಳವಂತೂ ಬಿಚ್ಚಿದ ಕೂಡಲೇ ಎದುರಿಗೆ ಸಿಕ್ಕಿದವರ ಮೈಮೇಲೆ ಹಾರುತ್ತಿತ್ತು. ಒಮ್ಮೆ ಹಗ್ಗ ಹಿಡಿದ ಪತ್ನಿಯನ್ನು ಅಂಗಳದ ಉದ್ದಕ್ಕೂ ಎಳೆದುಕೊಂಡು ಹೋಗಿ, ಅವರ ಮಣಿಕಟ್ಟು ಊದಿಕೊಂಡಿತ್ತು.

“ಇವರ ಸ್ನಾನ, ಔಷಧಿ, ಆಳುಗಳ ಬಟವಾಡೆ ಎಲ್ಲಾ ನನ್ನ ತಲೆಯ ಮೇಲೇ ಬಿದ್ದಿದೆ ಮೇಡಂ. ನಾಯಿಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದರೆ ನಾನು ರಾಕ್ಷಸಿಯಾಗುತ್ತೇನೆ” ಎಂದು ಪತ್ನಿ ಹೇಳಿದರು. ಪತಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಅವು ಕೂಗುವುದು ಮಲಗಿದಲ್ಲಿಗೆ ಕೇಳಿಸುತ್ತದೆ. ನನ್ನನ್ನೇ ಕರೆಯುತ್ತಿವೆ ಅನ್ನಿಸುತ್ತದೆ” ಎಂದರು. ಬೆಂಗಳೂರಿನಲ್ಲಿರುವ ಮಗ ನಾಯಿಗಳನ್ನು ಸಾಕುವ ಕೇಂದ್ರವೊಂದರಲ್ಲಿ ಬಿಡಲು ಹಣ ಕಳುಹಿಸುವುದಾಗಿ ಹೇಳಿದ್ದನಂತೆ. ಅದು ತಂದೆಗೆ ಇನ್ನಷ್ಟು ನೋವು ತಂದಿತ್ತು.

ಕೊಡುವುದೋ ಇಟ್ಟುಕೊಳ್ಳುವುದೋ ಎಂಬ ಪ್ರಶ್ನೆಯಲ್ಲಿಯೇ ಈ ಮನೆ ಸಿಕ್ಕಿಬಿದ್ದಿತ್ತು. ನಾನು ಕಂಡದ್ದು ಬೇರೆ. ತೋಟದ ಸುತ್ತು ನಾಯಿಗಳಿಗೆ ಎಷ್ಟು ಕೆಲಸವಾಗಿತ್ತೋ ಯಜಮಾನರಿಗೂ ಅಷ್ಟೇ ಕೆಲಸವಾಗಿತ್ತು. ಅದು ನಿಂತಾಗ ಇಬ್ಬರೂ ಒಂದೇ ರೀತಿ ಕಂಗೆಟ್ಟಿದ್ದರು. ಹೀಗಿರುವಾಗ ನಾಯಿಗಳನ್ನು ಪೂರ್ತಿಯಾಗಿ ಇನ್ನೊಬ್ಬರ ಕೈಗೆ ಕೊಟ್ಟರೆ ಯಜಮಾನರು ಮತ್ತೆ ಕದ್ದು ಎದ್ದು ಹೋಗುವುದು ಖಂಡಿತ. ಆದ್ದರಿಂದ ಕುಳಿತಲ್ಲೇ ಮಾಡಬಹುದಾದ ಭಾಗವನ್ನು ಅವರಿಗೇ ಉಳಿಸಿ, ನಡೆದು ಮಾಡಬೇಕಾದದ್ದನ್ನು ಮಾತ್ರ ಬೇರೆಯವರಿಗೆ ಹಂಚಬೇಕೆಂದು ಸೂಚಿಸಿದೆ. ನಾಯಿಗಳ ವಿಷಯದಲ್ಲಿ ನನ್ನ ತಿಳಿವಳಿಕೆಗೆ ಮಿತಿಯಿರುವುದರಿಂದ, ದಂಪತಿಯ ಅನುಮತಿ ಪಡೆದು ಪಶುವೈದ್ಯರೊಬ್ಬರೊಂದಿಗೆ ಮಾತಾಡಿದ ನಂತರವೇ ಮುಂದಿನ ವಿವರಗಳನ್ನು ಕೊಟ್ಟೆ.

ಎರಡು ತಳಿಗಳಿಗೆ ಒಂದೇ ಮದ್ದು ಆಗದು. ಶೆಫರ್ಡ್ ಮೂಗಿನಿಂದ ಹುಡುಕಿ ದಣಿಯುತ್ತದೆ. ಅದರ ದಿನದ ಆಹಾರದಲ್ಲಿ ಒಂದು ಭಾಗವನ್ನು ತಟ್ಟೆಗೆ ಹಾಕದೆ, ಒಣಹುಲ್ಲು ತುಂಬಿದ ಗೋಣಿಚೀಲದೊಳಗೆ ಬಚ್ಚಿಟ್ಟು ಹುಡುಕಿಸಬೇಕೆಂದು ಹೇಳಿದೆ. ಕಾಫಿ ಸಿಪ್ಪೆ ಮನೆಯಲ್ಲಿ ರಾಶಿ ಬಿದ್ದಿದ್ದರೂ ಅದನ್ನು ಬಳಸಕೂಡದು, ಏಕೆಂದರೆ ಕಾಫಿಯ ಹಣ್ಣು, ಬೀಜ, ಸಿಪ್ಪೆ ಎಲ್ಲದರಲ್ಲೂ ಇರುವ ಕೆಫೀನ್ ನಾಯಿಗಳಿಗೆ ವಿಷ. ಮುಧೋಳ ಕಣ್ಣಿಗೆ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಬೇಟೆನಾಯಿ. ಅದಕ್ಕೆ ಬೇಕಾದದ್ದು ಕೆಲವೇ ನಿಮಿಷಗಳ ಬಿರುಸಾದ ಓಟ. ಉದ್ದನೆಯ ಬಿದಿರು ಗಳುವಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ತುಂಡು ಕಟ್ಟಿ, ಯಜಮಾನರು ಜಗುಲಿಯ ಕಟಾಂಜನದ (ಅಡ್ಡಕಂಬಿಗಳ ತಡೆಯ) ಒಳಗೆ ಕುರ್ಚಿಯಲ್ಲಿ ಕುಳಿತು ಅದನ್ನು ಬೇಲಿ ಹಾಕಿದ ಹುಲ್ಲಿನ ಅಂಗಳದಲ್ಲಿ ಬೀಸುವುದೆಂದು ಗೊತ್ತುಮಾಡಿದೆವು. ಕಟಾಂಜನ ಇರಲೇಬೇಕೆಂದು ಒತ್ತಿ ಹೇಳಿದೆ. ಓಡಿ ಬರುವ ನಾಯಿ ಕಾಲಿಗೆ ಡಿಕ್ಕಿ ಹೊಡೆದರೆ ಕೂಡುತ್ತಿರುವ ಮೂಳೆ ಮತ್ತೆ ಕದಲುವ ಅಪಾಯವಿದೆ. ಹಾಗೆಯೇ ಪಾಚಿಯ ಕಣದ ಮೇಲೆ ಈ ಆಟ ಬೇಡ, ಜಾರುವ ಸರದಿ ನಾಯಿಯದಾಗುತ್ತದೆ.

ಬೆಳಗಿನ ಸುತ್ತಿಗೆ ತೋಟದ ಆಳುಗಳ ಲೈನ್ ಮನೆಯಲ್ಲಿರುವ ಅಸ್ಸಾಮಿನ ಹುಡುಗನೊಬ್ಬ ಒಪ್ಪಿದ. ಈ ಕೆಲಸವನ್ನು ಉಪಕಾರವೆಂದು ಕೇಳದೆ ಅದಕ್ಕೆ ಪ್ರತ್ಯೇಕ ಕೂಲಿ ಕೊಡಬೇಕೆಂದೂ, ಮಗ ಕಳುಹಿಸುವ ಹಣ ಇಲ್ಲಿಗೇ ಸಲ್ಲಲೆಂದೂ ಹೇಳಿದೆ. ಮಗನಿಗೂ ಅದು ಸಮಾಧಾನ ತಂದಿತು. ಮೊದಲ ವಾರ ಹುಡುಗ ಅಂಗಳದಲ್ಲಿ, ಯಜಮಾನರ ಕಣ್ಣೆದುರಿನಲ್ಲಿಯೇ, ಒಂದು ಸಲಕ್ಕೆ ಒಂದೇ ನಾಯಿಯನ್ನು ಹಿಡಿದು ಓಡಾಡಿಸಿದ. ‘ಬಾ’, ‘ಕೂರು’, ‘ಬಿಡು’ ಎಂಬ ಮಾತುಗಳನ್ನು ಯಜಮಾನರ ಧಾಟಿಯಲ್ಲಿಯೇ ಹೇಳಲು ಕಲಿತ. ತೋಟದೊಳಗೆ ಯಾವ ಕಾರಣಕ್ಕೂ ಹಗ್ಗ ಬಿಚ್ಚಕೂಡದು, ಬೆಳಕು ಹರಿಯುವ ಮುನ್ನ ಮತ್ತು ಸಂಜೆಗತ್ತಲಲ್ಲಿ ಹೊರಡಕೂಡದು ಎಂಬುದು ಷರತ್ತು. ನಮ್ಮ ಕಡೆಯವರಿಗೆ ಇದಕ್ಕೆ ಕಾರಣ ಹೇಳಬೇಕಿಲ್ಲ, ಹೊಸಬನಿಗೆ ಹೇಳಲೇಬೇಕು: ಕಾಡುಹಂದಿಗೆ ಕದ್ದು ಹಾಕಿದ ಉರುಳುಗಳಿರುತ್ತವೆ, ಚಿರತೆ ನಾಯಿಯನ್ನು ಹೊಂಚುತ್ತದೆ, ಇನ್ನು ಬಿಚ್ಚಿದ ನಾಯಿ ಆನೆಯನ್ನು ಕಂಡರೆ ಬೊಗಳಿ ಕೆಣಕಿ, ಹಿಂದಿರುಗಿ ತನ್ನನ್ನು ಕರೆತಂದವನತ್ತಲೇ ಓಡುತ್ತದೆ.

ಪತ್ನಿಯವರಿಗೆ ನಾಯಿಗಳ ಒಂದೇ ಒಂದು ಕೆಲಸ ಉಳಿಸಿದೆವು, ಅದೂ ಅವರೇ ಆರಿಸಿಕೊಂಡದ್ದು. ನಾಯಿ ಸುತ್ತಿನಿಂದ ಬಂದ ಮೇಲೆ ಕಿವಿ ಮತ್ತು ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಳ, ಜಿಗಣೆಗಳನ್ನು ನೋಡಿ ತೆಗೆಯುವುದು. ಯಜಮಾನರು ಬಿದ್ದಂದಿನಿಂದ ಇದನ್ನು ಯಾರೂ ಮಾಡಿರಲಿಲ್ಲ. ಉಣ್ಣೆಯಿಂದ ಹರಡುವ ಜ್ವರ ನಾಯಿಯ ಪ್ರಾಣಕ್ಕೇ ಕುತ್ತು ತರಬಲ್ಲದು. ರೇಬಿಸ್ ಲಸಿಕೆಯ ವಾಯಿದೆ ನೋಡಿಕೊಳ್ಳಲು, ಓಡಾಟ ತಗ್ಗಿದ್ದಕ್ಕೆ ಆಹಾರವನ್ನು ಎಷ್ಟು ಇಳಿಸಬೇಕೆಂದು ಪಶುವೈದ್ಯರನ್ನು ಕೇಳಲು, ಶೆಫರ್ಡಿನ ಕಾಲಿನ ಹುಣ್ಣನ್ನು ತೋರಿಸಲು ಸೂಚಿಸಿದೆ. ಮನೆಗಳಲ್ಲಿ ಸಾಮಾನ್ಯವಾಗಿ ಮರೆಯುವ ಒಂದು ಮಾತಿದೆ: ಮಂಚದ ಪಕ್ಕದಲ್ಲಿಟ್ಟ ನೋವಿನ ಮಾತ್ರೆಗಳು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸುತ್ತವೆ, ಪ್ಯಾರಾಸಿಟಮಾಲ್ ಕೂಡ ಅಪಾಯಕಾರಿ. ಅವುಗಳನ್ನು ಕಪಾಟಿಗೆ ಸೇರಿಸಿ ಎಂದೆ.

ನಾಯಿಗಳನ್ನು ಕೊಡುವುದು ಪಾಪವೆಂದು ನಾನು ಹೇಳಲಿಲ್ಲ. ಒಳ್ಳೆಯ ಮನೆ ಸಿಕ್ಕಿದರೆ ಅದೂ ಒಂದು ಬಗೆಯ ಆರೈಕೆಯೇ. ಆದರೆ ನೋವು, ನಿದ್ದೆಗೇಡು, ಬಿಡದ ಮಳೆ ಇವೆಲ್ಲದರ ನಡುವೆ ಮಾಡಿದ ತೀರ್ಮಾನ ಇಬ್ಬರ ನಡುವೆ ವರ್ಷಗಟ್ಟಲೆ ಕೊರೆಯುತ್ತದೆ. ವೈದ್ಯರು ನಡೆಯಲು ಅನುಮತಿ ಕೊಡುವವರೆಗೆ ಆ ಮಾತನ್ನು ಎತ್ತುವುದು ಬೇಡ, ಆಮೇಲೆ ಪತ್ನಿಯವರೇ ಅದನ್ನು ಮೊದಲು ಎತ್ತಬಹುದು, ಪತಿ ಸಿಟ್ಟಾಗದೆ ಕೇಳಬೇಕು ಎಂದು ಇಬ್ಬರಿಂದಲೂ ಒಪ್ಪಿಗೆ ಪಡೆದೆ.

ಶೆಫರ್ಡ್ ಬೇಗ ಹೊಂದಿಕೊಂಡಿತು, ಕಾಲಿನ ಹುಣ್ಣೂ ಮಾಯಿತು. ಮುಧೋಳದ ಹಾರಾಟ ತಗ್ಗಿದೆ, ಹೋಗಿಲ್ಲ. ಯಜಮಾನರು ಮತ್ತೆ ಕದ್ದು ಹೊರಟಿಲ್ಲ. ಹುಡುಗ ಹಗ್ಗವನ್ನು ತಪ್ಪಾಗಿ ಹಿಡಿದರೆ ಜಗುಲಿಯಿಂದಲೇ ಗದರುತ್ತಾರೆ, ಮತ್ತು ಇದು ಒಳ್ಳೆಯ ಲಕ್ಷಣವೆಂದೇ ನಾನು ಎಣಿಸಿದ್ದೇನೆ. ಅರೇಬಿಕಾ ಕೊಯ್ಲು ಶುರುವಾದರೆ ಹುಡುಗನಿಗೆ ಬಿಡುವಿರುವುದಿಲ್ಲ. ಆಗ ಶೆಫರ್ಡನ್ನು ತಾವು ಕರೆದೊಯ್ಯುವುದಾಗಿ ಪತ್ನಿ ಹೇಳಿದ್ದಾರೆ. ಮುಧೋಳದ ಹಗ್ಗವನ್ನು ಮಾತ್ರ ಮುಟ್ಟುವುದಿಲ್ಲವಂತೆ, ಅದಕ್ಕೆ ಮಗ ವಾರಾಂತ್ಯಗಳಲ್ಲಿ ಬರಲೆಂದು ಕೇಳಿದ್ದಾರೆ.