ರೆನಾಲ್ಡ್ಸ್ ಬರೆದ ಮುಖಗಳೇಕೆ ಬಿಳಿಚಿಕೊಂಡಿವೆ?

ಪ್ರಶ್ನೆ: 18ನೇ ಶತಮಾನದ ಇಂಗ್ಲೆಂಡಿನ ಜೋಶುವಾ ರೆನಾಲ್ಡ್ಸ್ ದೊಡ್ಡ ಭಾವಚಿತ್ರಕಾರ ಎನ್ನುತ್ತಾರೆ. ಆದರೆ ಆತನ ಎಷ್ಟೋ ಚಿತ್ರಗಳಲ್ಲಿ ಮುಖದಲ್ಲಿ ರಕ್ತವೇ ಇಲ್ಲ, ಕಪ್ಪು ಭಾಗಗಳು ಬಿರುಕು ಬಿಟ್ಟಿವೆ. ಹಳತಾದದ್ದಕ್ಕೆ ಹೀಗೆಯೇ?

ಉತ್ತರ: ವಯಸ್ಸನ್ನು ದೂರಬೇಡಿ. ಆತನ ಗುರು ಥಾಮಸ್ ಹಡ್ಸನ್ ಅದಕ್ಕೂ ಮೊದಲು ಬರೆದ ಚಿತ್ರಗಳು ಗಟ್ಟಿಯಾಗಿಯೇ ಉಳಿದಿವೆ. ತಪ್ಪು ಸಾಮಗ್ರಿಯಲ್ಲಿದೆ.

ರೆನಾಲ್ಡ್ಸ್ ಮುಖಕ್ಕೆ ಮೊದಲು ಸೀಸದ ಬಿಳಿ, ಕಪ್ಪು, ನೀಲಿ, ಜೊತೆಗೆ ತುಸು ಕಾರ್ಮೈನ್ ಬೆರೆಸಿ ತಣ್ಣನೆಯ ತಳ ಹಾಕುತ್ತಿದ್ದ. ಅದು ಒಣಗಿದ ಮೇಲೆ ಕೆನ್ನೆಯ ಕೆಂಪನ್ನು ಪಾರದರ್ಶಕವಾಗಿ, ತೀರ ತೆಳುವಾಗಿ ಎಳೆಯುತ್ತಿದ್ದ. ಕಾರ್ಮೈನ್ ಎಂದರೆ ಕೊಚಿನೀಲ್ ಕೀಟದ ಬಣ್ಣವನ್ನು ಪಟಿಕದಿಂದ ಪುಡಿಯಾಗಿ ಹಿಡಿದಿಟ್ಟದ್ದು. ಬೆಳಕಿಗೆ ಅದು ತಡೆಯುವುದಿಲ್ಲ. ಪದರ ತೆಳುವಾದಷ್ಟೂ, ಬಿಳಿ ಹೆಚ್ಚು ಬೆರೆತಷ್ಟೂ ಬೇಗ ಹಾರುತ್ತದೆ. ಕೆಂಪು ಹೋಯಿತು, ತಳದ ಬೂದು ಉಳಿಯಿತು. ಆತ ಬದುಕಿದ್ದಾಗಲೇ ಈ ದೂರು ಎದ್ದಿತ್ತು. ಪಾದರಸದಿಂದ ಬರುವ ಕೆಂಪಾದ ಇಂಗಳೀಕ ಬಳಸಿದ್ದರೆ ಕೆನ್ನೆ ಉಳಿಯುತ್ತಿತ್ತು, ಆದರೆ ಆ ಒಳಹೊಳಪು ಬರುತ್ತಿರಲಿಲ್ಲ.

ಬಿರುಕಿನ ಕಥೆಯೇ ಬೇರೆ. ಕಂದು ನೆರಳಿಗೆ ಆತ ಬಿಟುಮೆನ್, ಅಂದರೆ ಡಾಂಬರಿನಂಥ ಕಪ್ಪು ವಸ್ತು, ಹಾಕುತ್ತಿದ್ದ. ಅದು ಪೂರ್ತಿ ಒಣಗುವುದೇ ಇಲ್ಲ. ಮೇಲಿನ ಪದರ ಗಟ್ಟಿಯಾಗಿ ಕುಗ್ಗುತ್ತದೆ, ಅಡಿಯದು ಜಾರುತ್ತದೆ, ಕೆರೆಯ ತಳ ಒಣಗಿದ ಹಾಗೆ ಅಗಲ ಬಿರುಕು ಬೀಳುತ್ತದೆ. ಇದು ಸಾಲದೆಂಬಂತೆ ಜೇನುಮೇಣ, ಮೊಟ್ಟೆ, ರಾಳದ ವಾರ್ನಿಷ್ ಎಲ್ಲವನ್ನೂ ಎಣ್ಣೆಯ ಜೊತೆ, ಪದರಗಳ ನಡುವೆ ಸೇರಿಸಿದ. ಒಂದೊಂದೂ ಒಂದೊಂದು ವೇಗದಲ್ಲಿ ಒಣಗುವಂಥದ್ದು. ಸ್ವಚ್ಛಗೊಳಿಸುವವರಿಗೂ ಇದರಿಂದಲೇ ಭಯ: ಮೇಲಿನ ಹಳದಿ ವಾರ್ನಿಷ್ ಕರಗಿಸುವ ದ್ರಾವಕ ಕೆಳಗಿನ ಬಣ್ಣದ ರಾಳವನ್ನೂ ಕರಗಿಸಬಲ್ಲದು.

ಪ್ರಶ್ನೆ: ಚಿತ್ರವಿಡೀ ಆತನೇ ಬರೆಯುತ್ತಿದ್ದನೇ? ಹಣ ಎಷ್ಟು?

ಉತ್ತರ: ಮುಖ ಆತನದು. ಉಡುಪು, ಹಿನ್ನೆಲೆಯ ಬಹುಭಾಗ ಸಹಾಯಕರದು. ಇಟಲಿಯಿಂದ ಕರೆತಂದ ಜುಸೆಪ್ಪೆ ಮಾರ್ಕಿ, ಬಟ್ಟೆ ಬರೆಯುವುದರಲ್ಲಿ ಪಳಗಿದ ಪೀಟರ್ ಟಾಮ್ಸ್ ಇಂಥವರು. 1758ರಲ್ಲಿ ಸುಮಾರು 150 ಮಂದಿ ಆತನ ಮುಂದೆ ಕುಳಿತಿದ್ದರು, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ದರ ಕ್ಯಾನ್ವಾಸಿನ ಅಳತೆಗೆ. 1764ರ ಹೊತ್ತಿಗೆ ತಲೆ ಮತ್ತು ಭುಜ, ಅಂದರೆ 30x25 ಅಂಗುಲಕ್ಕೆ 30 ಗಿನಿ. 50x40ರ ಅರ್ಧ ನಿಲುವಿನ ಚಿತ್ರಕ್ಕೆ 70. ಪೂರ್ಣ ನಿಲುವಿಗೆ 150. ಗಿನಿ ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ, ಒಂದಕ್ಕೆ 21 ಷಿಲಿಂಗ್.

ಪ್ರಶ್ನೆ: ಆತನ ಬದುಕಿನ ಮುಖ್ಯ ಇಸವಿಗಳು?

ಉತ್ತರ: 1723ರಲ್ಲಿ ಡೆವನ್‌ನ ಪ್ಲಿಂಪ್ಟನ್‌ನಲ್ಲಿ ಜನನ. 1740ರಲ್ಲಿ ಲಂಡನ್ನಿನಲ್ಲಿ ಹಡ್ಸನ್ ಬಳಿ ಶಿಷ್ಯ. 1749ರಲ್ಲಿ ಕೆಪೆಲ್ ಎಂಬ ನೌಕಾಧಿಕಾರಿಯ ಹಡಗಿನಲ್ಲಿ ಹೊರಟು ಇಟಲಿಗೆ; ಮರಳಿದ ಮೇಲೆ ಬರೆದ ಅದೇ ಕೆಪೆಲ್‌ನ ಚಿತ್ರ ಹೆಸರು ತಂದಿತು. 1768ರಲ್ಲಿ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷ. 1789ರಲ್ಲಿ ಎಡಗಣ್ಣಿನ ದೃಷ್ಟಿ ಹೋಗಿ ಕುಂಚ ಇಳಿಸಬೇಕಾಯಿತು. 1792ರಲ್ಲಿ ಮರಣ, ಸಮಾಧಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ.